ದಾಬೆಜ್ಜನ ಬಾಣದ ಮೂತಿ

ಕಲಹಾರಿ ಮರುಭೂಮಿಯ ಮರಳಿನಲ್ಲಿ ಆ ಒಂದೇ ಜಾಲಿ ಮರದ ನೆರಳು ನಮ್ಮ ದಾಬೆಜ್ಜನಿಗೆ ಮೀಸಲು. ಬೆಳಗಿನಿಂದ ಅಲ್ಲೇ ಕೂತು ಅವನು ಬಾಣಗಳಿಗೆ ಮೂತಿ ಕಟ್ಟುತ್ತಾನೆ. ಜೊಂಡಿನ ಕಡ್ಡಿ ಹಗುರ, ಮುಂದೆ ಜಿರಾಫೆ ಮೂಳೆಯ ಭಾರ ಕೂಡಿಸದಿದ್ದರೆ ಗಾಳಿ ಕರೆದಲ್ಲಿಗೆ ಹೋದೀತು ಎಂಬುದು ಅವನ ಸಿದ್ಧಾಂತ. ಬಾಯಲ್ಲಿ ನೆನೆಸಿದ ಜಿಂಕೆಯ ನರವನ್ನು ಮೂಳೆ ಮತ್ತು ಕಡ್ಡಿ ಕೂಡುವ ಕೀಲಿಗೆ ಸುತ್ತಿ, ಬಾಣವನ್ನು ಬೆರಳ ಮೇಲೆ ತೂಗಿ ನೋಡುತ್ತಾನೆ. ಮೂತಿ ತೂಕಡಿಸುವ ಮುದುಕನಂತೆ ಬಾಗದಿದ್ದರೆ ಎಲ್ಲ ಬಿಚ್ಚಿ ಮತ್ತೆ ಶುರು. "ಬಾಣ ಮಾಡ್ತಿದೀಯೋ ಒನಕೆ ಮಾಡ್ತಿದೀಯೋ ಅಜ್ಜಾ?" ಎಂದು ಬೇಟೆಗಾರ ಕಾಶೆ ಕೆಣಕಿದರೆ, "ನಿನ್ನ ತಲೇಲಿ ಇಲ್ಲದ ಭಾರ ಬಾಣದಲ್ಲಾದ್ರೂ ಇರ್ಲಿ ಕಣೋ" ಎನ್ನುತ್ತಾನೆ. ಎಷ್ಟು ಕೊಬ್ಬಿದ ಜಿಂಕೆ ತಂದರೂ "ಈ ಬಡಕಲು ಎಲ್ಲಿ ಸಿಕ್ತೋ?" ಎಂದು ಮೂಗು ಮುರಿಯುತ್ತಾನೆ. ಆದರೆ ನಮ್ಮಲ್ಲಿ ಮಾಂಸ ಹಂಚುವ ಹಕ್ಕು ಬಿಲ್ಲು ಎಳೆದವನದಲ್ಲ, ಬಾಣ ಕೊಟ್ಟವನದು. ಹಂಚುವಾಗ ಅಜ್ಜನ ಬೆನ್ನು ನೆಟ್ಟಗಾಗುತ್ತದೆ. ಎರಡು ವರ್ಷದಿಂದ ಕಣ್ಣು ಮಂಜಾಗಿ ಅವನ ಬಾಣಗಳೆಲ್ಲ ಸೊಟ್ಟ. ಕಾಶೆ ತನ್ನ ಬಾಣದಿಂದಲೇ ಹೊಡೆದು, ಸತ್ತ ಜಿಂಕೆಗೆ ಅಜ್ಜನ ಬಾಣ ಚುಚ್ಚಿ ತರುತ್ತಾನೆ: "ನಿಂದೇ ಅಜ್ಜಾ, ನೀನೇ ಹಂಚು." ನಿಜವಾಗಿ ಹಾರಿ ನಾಟಿದ ಬಾಣವಾದರೆ ಕೀಲು ಕಳಚಿ, ಕಡ್ಡಿ ಉದುರಿ, ಮೂತಿ ಮಾತ್ರ ಮೈಯಲ್ಲಿ ಉಳಿಯಬೇಕು. ಕಾಶೆ ಪ್ರತಿ ಸಲವೂ ಕೀಲು ಕಳಚಿಡುವುದನ್ನು ಮರೆಯುತ್ತಾನೆ. ದಾಬೆಜ್ಜ ಕೀಲಿನ ಮೇಲೆ ಬೆರಳಾಡಿಸುತ್ತಾನೆ. ಕಟ್ಟಿದ ನರ ಕಟ್ಟಿದ ಹಾಗೇ ಇರುತ್ತದೆ. ಯಾರೂ ನೋಡದ ಹಾಗೆ ಉಗುರಿನಿಂದ ಅದನ್ನು ತಾನೇ ಕಳಚುತ್ತಾನೆ. ಆಮೇಲೆ ಮೊದಲ ತುಂಡನ್ನು ಕಾಶೆಗೆ ಚಾಚಿ ಗದರುತ್ತಾನೆ: "ನೋಡಿದ್ಯೇನೋ, ಮೂತಿ ಭಾರ ಇದ್ರೆ ಹೇಗೆ ನಾಟುತ್ತೆ ಅಂತ!"