ಕೆಂಪು ದೀಪದ ದಸ್ತಗೀರ ಚಾಚಾ

ದಸ್ತಗೀರ ಚಾಚಾ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಅವರ ಕಣ್ಣು ಸದಾ ಅಂಗಡಿಯ ಗೋಡೆಯ ಮೇಲೆ ಉರಿಯುತ್ತಿದ್ದ ಕಡಲೆಕಾಳಿನಷ್ಟು ಪುಟ್ಟ ಕೆಂಪು ದೀಪದ ಮೇಲೆ. ಹೊಸ ಗಿರಾಕಿಗಳಿಗೆ ಇದು ಸೊಕ್ಕಿನಂತೆ ಕಾಣುತ್ತಿತ್ತು. ಸವಣೂರಿನ ಆ ಓಣಿಯಲ್ಲಿ ಅವರ ಮಗ್ಗುಲಿಗೇ ಮೊಬೈಲ್ ಅಂಗಡಿ ಇಟ್ಟ ನನಗೆ ಅದರ ಕಾರಣ ಗೊತ್ತಿತ್ತು.

ಓಣಿಯ ಆಚೆ ಬದಿ, ಮಾಳಿಗೆಯ ಮೇಲೆ ಅವರ ಮನೆ. ಅಲ್ಲಿ ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಲಕ್ವಾ ಹೊಡೆದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಎಡಗೈ ಒಂದೇ ಆಡುತ್ತಿತ್ತು. ಅದರ ಮೇಲೆ ದಮ್ಮಿನ ಕಾಟ ಬೇರೆ. ಉಸಿರು ಕಟ್ಟಿದಾಗ ಯಾರಾದರೂ ಓಡಿಹೋಗಿ ಔಷಧದ ಹಬೆ ಬರುವ ಮಷೀನನ್ನು ಮೂಗಿಗೆ ಹಿಡಿಯಬೇಕು. ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಚಾಚಾ ಹಾಸಿಗೆಯಿಂದ ಅಂಗಡಿಯವರೆಗೆ ಓಣಿಯ ಮೇಲಿಂದ ತಂತಿ ಎಳೆದಿದ್ದರು. ಆ ತಂತಿಯಲ್ಲಿ ಯಾವಾಗಲೂ ಕರೆಂಟು ಹರಿಯುತ್ತಿರುತ್ತಿತ್ತು. ಚಾಚಿ ಗುಂಡಿ ಒತ್ತಿದರೆ ಕರೆಂಟು ಕಡಿದು, ದೀಪ ಆರಿ, ಬೆಲ್ಲು ಹೊಡೆದುಕೊಳ್ಳುತ್ತಿತ್ತು. ತಂತಿ ಹರಿದರೂ ಅಷ್ಟೆ, ಹೊಡೆದುಕೊಳ್ಳುತ್ತಿತ್ತು.

"ಸುಮ್ಮಕ ಕುಂತ ಗಂಟೀನ ನಂಬಬಾರದೋ ಮಲ್ಲು," ಚಾಚಾ ನನಗೆ ಅನ್ನುತ್ತಿದ್ದರು. "ಅದು ಯಾಕ ಸುಮ್ಮಕೈತಿ, ಎಲ್ಲಾ ಚಲೋ ಐತಂತನೋ, ಸತ್ತೈತಂತನೋ? ನನ್ನ ದೀಪ ನೋಡು. ಚಲೋ ಇದ್ದೇನಿ ಅಂತ ಹೇಳ್ತನ ಇರತೈತಿ."

ರೇಡಿಯೋ ರಿಪೇರಿಯಿಂದ ಶುರು ಮಾಡಿ, ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಚಾಚಾ ಮನೆಗಳಿಗೆ ಕಳ್ಳ ನುಗ್ಗಿದರೆ ಹೊಡೆದುಕೊಳ್ಳುವ ಕಳ್ಳಗಂಟೆ ಕೂಡಿಸುತ್ತಿದ್ದರು. ಎಲ್ಲವೂ ತಂತಿಯವೇ. ಅವರು ಹೊರಗೆ ಹೋದಾಗ ನೆರೆಮನೆಯ ಹೆಂಗಸೊಬ್ಬರು ಚಾಚಿಯ ಬಳಿ ಕೂಡುತ್ತಿದ್ದರು. ಕೂಡಿಸಿದ ಮೇಲೆ ಅವರದೊಂದು ಪದ್ಧತಿ ಇತ್ತು. ತಿಂಗಳೊಳಗೆ ಒಂದು ದಿನ, ಹೇಳದೆ ಕೇಳದೆ, ಹಾಡಹಗಲೇ ತಾವೇ ಕಳ್ಳನಾಗಿ ಹಿತ್ತಲ ಬಾಗಿಲಿನಿಂದ ನುಗ್ಗುತ್ತಿದ್ದರು. ಗಂಟೆ ಹೊಡೆದುಕೊಂಡರೆ ನಗುತ್ತಾ ಸಲಾಂ ಹೇಳಿ ವಾಪಸು. ಬಿಳಿ ಗಡ್ಡದ, ಒಂದು ಕಾಲು ಎಳೆದು ನಡೆಯುವ ಈ ಕಳ್ಳನನ್ನು ಕಂಡು ಊರ ಹೆಂಗಸರು ಚೀರುವುದನ್ನೇ ಬಿಟ್ಟಿದ್ದರು.

ಮೊಬೈಲ್ ಜೊತೆ ನಾನು ಮಾರುತ್ತಿದ್ದದ್ದು ವೈರ್‌ಲೆಸ್ ಅಲಾರಂ, ಬೆಲ್ಲು. ಗೋಡೆ ಕೊರೆಯುವುದಿಲ್ಲ, ತಂತಿ ಎಳೆಯುವುದಿಲ್ಲ, ಬಾಗಿಲಿಗೊಂದು ಡಬ್ಬಿ, ಒಳಗೊಂದು ಗಂಟೆ ಅಂಟಿಸಿದರೆ ಮುಗಿಯಿತು. ನನ್ನ ವ್ಯಾಪಾರ ಜೋರಾಗಿತ್ತು, ಬಾಯಿಯೂ ಜೋರಾಗಿತ್ತು. "ಚಾಚಾ, ನಿಮ್ಮ ತಂತಿ ಮ್ಯಾಲೆ ಅರಿವಿ ಒಣ ಹಾಕಾಕ ಚಲೋ ಅಕ್ಕೈತ್ರಿ" ಎಂದು ಗಿರಾಕಿಗಳ ಮುಂದೆಯೇ ಕಾಲೆಳೆಯುತ್ತಿದ್ದೆ. ಅವರು ದೀಪದಿಂದ ಕಣ್ಣು ಕೀಳದೆ ನಗುತ್ತಿದ್ದರು.

ಒಮ್ಮೆ, ಹಿಂದಿನ ಓಣಿಯ ವೀಳ್ಯದೆಲೆ ವ್ಯಾಪಾರಿಯೊಬ್ಬರ ಮನೆಗೆ ನಾನು ಅಲಾರಂ ಕೂಡಿಸಿದ್ದೆ. ವಾರದ ಮೇಲೆ ಅವರಿಂದ ಫೋನು. ಓಡಿಹೋಗಿ ನೋಡಿದರೆ, ಪಡಸಾಲೆಯ ಮಂಚದ ಮೇಲೆ ಚಾಚಾ ಕಾಲು ಚಾಚಿ ಕೂತಿದ್ದಾರೆ. ಮೂರು ಬಾಗಿಲು ದಾಟಿ ಬಂದಿದ್ದರಂತೆ. ನನ್ನ ಅಲಾರಂ ಪಿಟ್ಟೆಂದಿರಲಿಲ್ಲ.

"ಕಳ್ಳ ಬಂದು ಚಹಾ ಕುಡದು ಹೊಂಟ್ರೂ ನಿನ್ನ ಡಬ್ಬಿಗೆ ಸುದ್ದಿಲ್ಲಲ್ಲೋ," ಅಂದರು.

ಸೆಲ್ಲು ಹೋಗಿರಬೇಕು ಅಂದೆ. ಅವರು ಜೋಳಿಗೆಯಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದರು. ನನ್ನಲ್ಲೇ ಕೊಂಡ ಬೆಲ್ಲೊಂದನ್ನು ಬಿಚ್ಚಿ, ಅದರ ಹೊಟ್ಟೆಗೆ ರೇಡಿಯೋ ಸ್ಪೀಕರು ಜೋಡಿಸಿದ್ದರು. ವೈರ್‌ಲೆಸ್ ಡಬ್ಬಿಗಳು ಗಾಳಿಯಲ್ಲಿ ಬಿಡುವ ಸಿಗ್ನಲ್ಲು ಅದರಲ್ಲಿ ಸದ್ದಾಗಿ ಕೇಳುತ್ತಿತ್ತು. ಗುಂಡಿ ತಿರುವಿದರೆ ಗುರ್ ಎನ್ನುವ ಸದ್ದು, ನಿಲ್ಲುವ ಮಾತೇ ಇಲ್ಲ. ಅದನ್ನು ಹಿಡಿದು ಓಣಿಯಲ್ಲಿ ನಡೆದೆವು. ಸದ್ದು ಜೋರಾಗುತ್ತಾ ಹೋಗಿ ಎರಡು ಮನೆ ಆಚೆಯ ಬಾಗಿಲ ಮುಂದೆ ಕಿವಿಗಡಚಿಕ್ಕಿತು. ಅಲ್ಲೊಂದು ವೈರ್‌ಲೆಸ್ ಬೆಲ್ಲಿನ ಗುಂಡಿ, ನಾನೇ ಮಾರಿದ್ದು. ಪೇಂಟಿನವರು ಗೋಡೆಯ ಜೊತೆ ಗುಂಡಿಗೂ ಬಣ್ಣ ಬಳಿದಿದ್ದರು. ಗುಂಡಿ ಒಳಗೇ ಅಂಟಿಕೊಂಡು ಹಗಲೂ ರಾತ್ರಿ ಗಾಳಿಯಲ್ಲಿ ಒದರುತ್ತಾ ಕೂತಿತ್ತು.

"ಒಬ್ಬಾಂವ ಬಾಯಿ ಮುಚ್ಚದಂಗ ಒದರಾಕತ್ತಿದ್ರ, ಉಳದಾವರ ದನಿ ಯಾರಿಗೆ ಕೇಳತೈತಿ?" ಅಂದರು ಚಾಚಾ. "ಬಾಗಲದಾಗಿನ ಡಬ್ಬಿ ಕಳ್ಳ ಬಂದಾನಂತ ಕೂಗೇ ಕೂಗೈತಿ. ಕೂಗಿದ್ದು ಮುಟ್ಟಿತೋ ಇಲ್ಲೋ ಅದಕ್ಕ ಗೊತ್ತಿಲ್ಲ. ಒಳಗಿನ ಗಂಟಿ ತನ್ನ ಪಾಡಿಗೆ ಸುಮ್ಮಕ ಕುಂತೈತಿ. ನನಗ ಇದರದ ಭಯ ನೋಡು."

ನಾನು ಬಣ್ಣ ಕೆರೆದೆ, ಅಲಾರಂ ಮತ್ತೆ ಹೊಡೆದುಕೊಂಡಿತು. ಅಲ್ಲಿಗೆ ಮರೆತೂಬಿಟ್ಟೆ.

ಆ ವರ್ಷದ ಸುಗ್ಗಿಯಲ್ಲಿ ಗೋವಿನಜೋಳ ಹೇರಿದ ಟ್ರ್ಯಾಕ್ಟರುಗಳು ಚಾಚಾನ ತಂತಿಯನ್ನು ಒಂದೇ ವಾರದಲ್ಲಿ ಮೂರು ಸಲ ಹರಿದವು. ಮೂರು ಸಲವೂ ಬೆಲ್ಲು ಹೊಡೆದುಕೊಂಡು, ಅವರು ಕಾಲೆಳೆಯುತ್ತಾ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರು. ಎತ್ತರದ ಕಂಬ ನಿಲ್ಲಿಸುವವರೆಗೆ ಇರಲಿ ಎಂದು ನಾನೊಂದು ವೈರ್‌ಲೆಸ್ ಬೆಲ್ಲು ಒಯ್ದೆ. ಅವರು ಬ್ಯಾಡಂದ್ರ ಬ್ಯಾಡ ಅಂದರು. ಒಪ್ಪಿಸಿದ್ದು ಚಾಚಿ. ತೊದಲುವ ನಾಲಿಗೆಯಲ್ಲಿ, "ಹುಡುಗ ಪ್ರೀತಿಲೆ ತಂದಾನ, ಹಚ್ಚ್ರಿ. ನೀವು ಓಡಿ ಓಡಿ ಬಿದ್ದು ಸತ್ರ ನನ್ನ ಯಾರು ನೋಡ್ತಾರು?" ಅಂದರು.

ಚಾಚಾ ಒಂದು ಷರತ್ತು ಹಾಕಿದರು. ಏನೂ ಆಗದಿದ್ದರೂ ಅರ್ಧ ತಾಸಿಗೊಮ್ಮೆ ಚಾಚಿ ಗುಂಡಿ ಒತ್ತಬೇಕು. ಒಮ್ಮೆ ಒತ್ತಿದರೆ ಚಲೋ ಇದ್ದೇನೆ ಅಂತ, ಮೇಲಿಂದ ಮೇಲೆ ಒತ್ತಿದರೆ ಬಾ ಅಂತ. ಬೆಲ್ಲು ಸುಮ್ಮನಿದ್ದರೆ ಅವರು ಹೋಗಿ ನೋಡಬೇಕು. ದೀಪ ಆರಿಹೋಗಿದ್ದ ಆ ದಿನಗಳಲ್ಲಿ ಅವರ ಕಣ್ಣು ಗಡಿಯಾರದ ಮೇಲೆ ನೆಟ್ಟಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಹುಬ್ಬಳ್ಳಿಯಿಂದ ನನ್ನ ಮಾಲು ಬಂತು. ರಟ್ಟಿನ ಖೋಕಾಗಳನ್ನು ನಮ್ಮಿಬ್ಬರ ಅಂಗಡಿಗಳ ನಡುಗೋಡೆಗೆ ಒತ್ತಿ ಒಂದರ ಮೇಲೊಂದು ಒಟ್ಟಿ, ಚಹಾಕ್ಕೆ ಹೇಳಿ, ಚಾಚಾನ ಅಂಗಡಿಗೆ ಹೋಗಿ ಕೂತೆ. ಮೂರಕ್ಕೆ ಬೆಲ್ಲು ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಚಾಚಾ ಎದ್ದು ನಿಂತು ಚಪ್ಪಲಿ ಹುಡುಕಿದರು.

"ಚಾಚಿಗೆ ನಿದ್ದಿ ಹತ್ತಿರಬೇಕು, ಕುಂದರ್ರಿ ಚಾಚಾ," ಅಂದೆ. "ಮಲಗಿದಾಕಿನ ಯಾಕ ಎಬ್ಬಸ್ತೀರಿ? ಚಹಾ ಬಂತು, ಕುಡದು ಹೋಗೀರಂತ."

ನಾನು ಅಂಗಿ ತೋಳು ಹಿಡಿದು ಜಗ್ಗಿದೆ. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. ಕೂತರು. ಚಹಾ ಕುಡಿದೆವು. ಬೆಲ್ಲು ಸುಮ್ಮನಿತ್ತು. ಮೂರೂಕಾಲಿಗೆ ಅವರು ಓಣಿ ದಾಟಿ ಮೆಟ್ಟಿಲು ಹತ್ತಿದರು. ಮೇಲಿನಿಂದ "ಮಲ್ಲೂ" ಎಂದು ಒಂದೇ ಒಂದು ಕೂಗು ಕೇಳಿತು.

ಚಾಚಿಯ ಮೈ ಇನ್ನೂ ಬೆಚ್ಚಗಿತ್ತು. ಎಡಗೈಯ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಚಾಚಾ ಅದನ್ನು ಮೆಲ್ಲಗೆ ಬಿಡಿಸಿದರು.

ಮೂರು ದಿನ ಕಳೆದ ಮೇಲೆ ಅವರು ಆ ಸ್ಪೀಕರಿನ ಪೆಟ್ಟಿಗೆ ಹಿಡಿದು ನನ್ನ ಅಂಗಡಿಗೆ ಬಂದರು. ಹೊಸ್ತಿಲಲ್ಲೇ ಅದು ಗುರ್ ಅಂದಿತು. ಅವರು ನಡುಗೋಡೆಯ ಬಳಿ ಹೋಗಿ ಖೋಕಾ ಇಳಿಸಿ, ಕೆಳಗಿನದನ್ನು ಬಿಚ್ಚಿದರು. ಮಾಲು ಸೆಲ್ಲು ಸಮೇತವೇ ಬರುತ್ತಿತ್ತು. ಮೇಲಿನ ಭಾರಕ್ಕೆ ಅಪ್ಪಚ್ಚಿಯಾದ ವೈರ್‌ಲೆಸ್ ಬೆಲ್ಲಿನ ಪೊಟ್ಟಣವೊಂದರಲ್ಲಿ ಗುಂಡಿ ಒಳಗೆ ಸೇರಿಹೋಗಿತ್ತು. ಅವರ ಬೆಲ್ಲಿನಿಂದ ಅದು ಒಂದು ಗೋಡೆಯಷ್ಟೇ ದೂರ. ಸೆಲ್ಲು ಕಿತ್ತರು, ಪೆಟ್ಟಿಗೆ ಸುಮ್ಮನಾಯಿತು. ನನಗೆ ಅಳು ಬಂತು.

ಮರುವಾರ ಅವರು ಅಂಗಡಿ ಖಾಲಿ ಮಾಡಿ ಬಂಕಾಪುರದ ಮಗಳ ಮನೆಗೆ ಹೊರಟರು. ಬೈಯಲಿ, ಹೊಡೆಯಲಿ ಎಂದು ನಾನು ಎದುರು ಹೋಗಿ ನಿಂತೆ. ಅವರು ಬರಿದಾದ ಗೋಡೆಯತ್ತಲೇ ನೋಡುತ್ತಿದ್ದರು.

"ಮಲ್ಲು, ಒಂದು ಕೇಳ್ತೇನಿ," ಅಂದರು. "ಆಕಿ ಎಷ್ಟು ಸಲ ಒತ್ತಿದ್ಲು ಅನ್ನೂದು ಆ ಗುಂಡಿಯೊಳಗ ಎಲ್ಲರೆ ಉಳದಿರತೈತೇನು?"

"ಇಲ್ರಿ ಚಾಚಾ. ಉಳಿಯೂದಿಲ್ಲ."

"ಚಲೋ ಆತು," ಅಂದವರು ಬಸ್‌ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತಾ ಹೊರಟರು.