ಗಂಜಿ ಹಾಕಿದ ಮೊಣಕಾಲು

ನಮ್ಮಪ್ಪ ಓಡುವುದನ್ನು ನೋಡಿ ಬೆಟಗೇರಿಯ ನಾಯಿಗಳು ಬೊಗಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಮೊದಮೊದಲು ಬೊಗಳಿದವು, ಆಮೇಲೆ ಬೆನ್ನು ಹತ್ತಿದವು, ಕೊನೆಗೆ ಈ ಮನುಷ್ಯನ ಸಹವಾಸವೇ ಬೇಡ ಎಂದು ಮಲಗಿಬಿಟ್ಟವು. ಈಗಿನ ಮರಿಗಳಿಗೆ ಅವುಗಳ ಅಜ್ಜಿಯಂದಿರೇ ಹೇಳಿಕೊಟ್ಟಿರಬೇಕು, ಬೆಳಗಿನ ಹೊತ್ತು ಚಡ್ಡಿ ಹಾಕಿಕೊಂಡು ಬರುವ ಬೋಳುತಲೆಯವನ ಕಡೆ ತಿರುಗಿಯೂ ನೋಡಬೇಡಿ ಎಂದು.

ಅಪ್ಪ ನೇಕಾರ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಣಿಮಗ್ಗ ಇದೆ. ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಸೀರೆ ನೇಯಬೇಕು. ಇಡೀ ದಿನ ಕಾಲುಗಳನ್ನು ಹೂತಿಟ್ಟುಕೊಂಡು ಕೂರುವವನು ಬೆಳಿಗ್ಗೆ ಒಂದು ಹೊತ್ತಾದರೂ ಅವನ್ನು ಹೊರಗೆ ತೆಗೆದು ಗಾಳಿಗೆ ಹಿಡಿಯಬೇಕು ಎನ್ನುವುದು ಅಪ್ಪನ ವಾದ. ಅದಕ್ಕೇ ಕುರ್ತಕೋಟಿ ದಾರಿಯಲ್ಲಿ ಓಡಿ ಬಂದು, ಆಮೇಲೆ ಚಹಾ, ಆಮೇಲೆ ಮಗ್ಗ. ಅವನಿಗೆ ಈಗ ಅರವತ್ತಕ್ಕೆ ಎರಡು ಕಡಿಮೆ. ಮಗಳಾದ ನನಗೆ ಹದಿನೇಳು. ಮದುವೆಗೆ ಇಷ್ಟು ತಡವಾಗಿ ಬಂದವನು ಓಟದಲ್ಲಿ ಮಾತ್ರ ಹೇಗೆ ಮೊದಲು ಬರುತ್ತಾನೋ, ಅವ್ವನಿಗೆ ಇವತ್ತಿಗೂ ಬಿಡಿಸಲಾಗದ ಲೆಕ್ಕ.

ಚಳಿಗಾಲದಲ್ಲಿ ಡೋಣಿ ಎನ್ನುವ ಊರಿನಲ್ಲಿ ಹಿರಿಯರ ಓಟ ನಡೆಯುತ್ತದೆ. ಊರಿನಿಂದ ಹೊರಟು ಕಪ್ಪತಗುಡ್ಡದ ಬುಡ ಮುಟ್ಟಿ ವಾಪಸ್ ಬರಬೇಕು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲ ಕಡೆಯ ನೆರೆಗೂದಲಿನವರು ಬರುತ್ತಾರೆ. ಗೆದ್ದವರಿಗೆ ಸ್ಟೀಲ್ ಡಬ್ಬಿ. ನಮ್ಮ ಅಡುಗೆಮನೆಯ ಅಕ್ಕಿ, ಬೇಳೆ, ರವೆ, ಶೇಂಗಾ ಎಲ್ಲ ಅಪ್ಪ ಗೆದ್ದ ಡಬ್ಬಿಗಳಲ್ಲೇ ಇವೆ. "ಒಂದರ ಮುಚ್ಚಳರ ಬರೋಬ್ಬರಿ ಕುಂಡ್ರಬೇಕಲ್ಲ!" ಎಂದು ಅವ್ವ ದಿನಾ ಬೆಳಿಗ್ಗೆ ಬೈಯುತ್ತಾಳೆ. ಅಪ್ಪ ಗೆಲ್ಲದ ವರ್ಷ ಡಬ್ಬಿ ಲಕ್ಷ್ಮೇಶ್ವರದ ಒಬ್ಬ ಕಿರಾಣಿ ಅಂಗಡಿಯವರ ಮನೆಗೆ ಹೋಗುತ್ತದೆ. ಅಪ್ಪನ ಎದುರಾಳಿ ಅಂದರೆ ಅವರೊಬ್ಬರೇ. ಉಳಿದವರೆಲ್ಲ ಸಂಜೆಯೊಳಗೆ ಬಂದು ಮುಟ್ಟಿದರೆ ಅದೇ ದೊಡ್ಡದು.

ಹೋದ ಮಳೆಗಾಲದಲ್ಲಿ ಅಪ್ಪನ ಬಲ ಮೊಣಕಾಲು ಸದ್ದು ಮಾಡತೊಡಗಿತು. ಮೆಟ್ಟಿಲು ಹತ್ತಿದರೆ ಓಣಿಯ ಕೊನೆಯ ಮನೆಯವರು ಯಾರೋ ಶೇಂಗಾ ಒಡೆಯುತ್ತಿದ್ದಾರೆ ಎಂದು ಕೈಯೊಡ್ಡಿಕೊಂಡು ಬರುವಷ್ಟು ಸದ್ದು. ಇದರಲ್ಲಿ ಸ್ವಲ್ಪ ನನ್ನದೂ ಸೇರಿದೆ, ಆದರೆ ಬಹಳ ಇಲ್ಲ. ಗದಗಿನ ಡಾಕ್ಟರು ಕೀಲು ಸವೆದಿದೆ, ಓಟ ನಿಲ್ಲಿಸಿ ಎಂದರು. ಅದೇ ನೆಪದಲ್ಲಿ ರಕ್ತ ತೆಗೆದು ನೋಡಿದರೆ ಸಕ್ಕರೆ ಕಾಯಿಲೆ. ಅದು ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಅವ್ವ ಅವತ್ತೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

ಓಟ ಬಿಟ್ಟ ಅಪ್ಪನನ್ನು ನೀವು ನೋಡಬೇಕಿತ್ತು. ಬೇಡ, ನೋಡಬಾರದಿತ್ತು. ಬೆಳಿಗ್ಗೆ ಎದ್ದು ಶೂ ಹಾಕಿಕೊಂಡು ಹಿತ್ತಲಿಗೆ ಹೋಗಿ ಬರುತ್ತಿದ್ದ. ಅಂಗಳದಲ್ಲಿ ನಿಂತು ಹೋಗುವ ಆಟೋಗಳನ್ನು ನೋಡುತ್ತಿದ್ದ. ಮಗ್ಗಕ್ಕೆ ಕೂತರೆ ಲಾಳಿ ಕೈಯಲ್ಲೇ ಇರುತ್ತಿತ್ತು, ಕಣ್ಣು ಗುಂಡಿಯೊಳಗೆ.

"ಯವ್ವಾ, ಇಲ್ಲಿ ಕುಂತಾಗ ಕೆಳಗ ಕಾಲ ಅದಾವೋ ಇಲ್ಲೋ ಅನ್ನೂದ ಗೊತ್ತಾಗವಲ್ತು," ಎಂದ ಒಮ್ಮೆ ನನ್ನ ಕಡೆ ತಿರುಗಿ.

ಎಂಥಾ ಡೈಲಾಗ್ ಎಂದುಕೊಂಡೆ. ಕಾಲೇಜಿನಲ್ಲಿ ಗೆಳತಿಯರ ಮುಂದೆ ಅದೇ ದನಿಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಅಪ್ಪ ಡೈಲಾಗ್ ಹೊಡೆಯುವ ಮನುಷ್ಯನಲ್ಲ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ದೀಪಾವಳಿ ಮುಗಿದ ಮೇಲೆ ಲಕ್ಷ್ಮೇಶ್ವರದಿಂದ ಫೋನ್ ಬಂತು. ಆ ಕಿರಾಣಿ ಅಂಗಡಿಯವರು ಫೋನಿನಲ್ಲಿ ಮಾತಾಡಿದರೆ ಫೋನ್ ಬೇಕಾಗಿಯೇ ಇಲ್ಲ, ನೇರವಾಗಿ ಕೇಳಿಸುತ್ತದೆ.

"ಏನಪಾ ಬೆಟಗೇರಿ ಕುದರಿ! ಈ ಸಲ ಡೋಣಿಗೆ ಬರ್ತಿಯೋ, ಇಲ್ಲಾ ಮಗ್ಗದ ಕುಣ್ಯಾಗ ಕುಂತು ಚಹಾ ಕುಡೀತಿಯೋ?"

"ಬರ್ತೀನಿ. ನೀ ಡಬ್ಬಿ ಇಡಾಕ ಜಾಗಾ ಮಾಡಬ್ಯಾಡ."

"ಮೊಣಕಾಲು ಹೋಗೈತಂತ ಖಬರ ಬಂತಲ್ಲೋ?"

"ಎಲ್ಲಿಗಿ ಹೋಗ್ತೈತಿ? ನನ್ನ ಸಂಗಾಟನ ಐತಿ."

ಫೋನ್ ಇಟ್ಟ ಮೇಲೆ ಅಪ್ಪನ ಮುಖದಲ್ಲಿ ನಗು ಇರಲಿಲ್ಲ. ನನ್ನ ಕಡೆ ತಿರುಗಿ, "ಒಂದ ಸಲ. ಇದೊಂದ ಸಲ ಓಡಿ ಮುಗಿಸಿಬಿಡ್ತೀನವ್ವ. ಹಿಂಗ ಅರ್ಧಕ್ಕ ಕುಂಡ್ರೂದು ನನಗ ಆಗೂದಿಲ್ಲ," ಎಂದ.

ಅಂಗಡಿಯಿಂದ ತಂದ ಮೊಣಕಾಲಿನ ಪಟ್ಟಿ ಓಡಿದಂತೆ ಜಾರಿ ಕಾಲ್ಗೆಜ್ಜೆಯ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಆಗ ಅಪ್ಪನ ನೇಕಾರ ಬುದ್ಧಿ ಓಡಿತು, ಕಾಲಿಗಿಂತ ಜೋರಾಗಿ. ಮಗ್ಗಕ್ಕೇರಿಸುವ ಮೊದಲು ನೂಲು ಗಟ್ಟಿಯಾಗಲಿ ಎಂದು ಗಂಜಿ ಹಾಕುತ್ತಾರಲ್ಲ, ಅದೇ ಗಂಜಿಯಲ್ಲಿ ಹಳೆಯ ಧೋತರದ ಪಟ್ಟಿಗಳನ್ನು ಅದ್ದಿ ಮೊಣಕಾಲಿಗೆ ಸುತ್ತಿಕೊಂಡ. ಒಂದರ ಮೇಲೊಂದು. ಮಾಳಿಗೆಯ ಮೇಲೆ ಕಾಲು ಚಾಚಿ ಬಿಸಿಲಿಗೆ ಕೂತ. ಕಾಗೆಗಳು ಸಭೆ ಸೇರಿದವು. ನಾನು ಛತ್ರಿ ಹಿಡಿದುಕೊಂಡು ಕಾಗೆ ಓಡಿಸಿದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಹಲಗೆಯ ಸದ್ದು.

"ನೂಲಿಗೆ ತಾಕತ್ತ ಕೊಡೂದು ಕಾಲಿಗೆ ಕೊಡಂಗಿಲ್ಲೇನು?" ಎಂದ ಅಪ್ಪ, ಪೇಟೆಂಟ್ ಸಿಕ್ಕವರ ಹಾಗೆ.

ಅಪ್ಪ ಓಡದಂತೆ ನೋಡಿಕೊಳ್ಳಲು ಅವ್ವ ನನ್ನನ್ನು ಕಾವಲಿಗೆ ಹಾಕಿದ್ದಳು. ಅಪ್ಪ ನನಗೆ ಗಿರಮಿಟ್ಟು, ಮಿರ್ಚಿ ಕೊಡಿಸಿದ. ಕಾವಲು ಅಲ್ಲಿಗೆ ಮುಗಿಯಿತು. ಮರುದಿನ ಅವ್ವ ನೀರು ಹಿಡಿಯಲು ಹೋದಾಗ ಅಪ್ಪ ಹೊರಟ, ಹಿಂದೆ ನಾನು ಸ್ಕೂಟಿಯಲ್ಲಿ ನೀರಿನ ಬಾಟಲಿ ಹಿಡಿದು. ಮೊಣಕಾಲು ಮಡಚುತ್ತಿಲ್ಲವಾದ್ದರಿಂದ ಬಲಗಾಲನ್ನು ಕೈವಾರದ ಹಾಗೆ ಸುತ್ತು ತಿರುಗಿಸಿ ಮುಂದಿಡುತ್ತಿದ್ದ. ನನ್ನ ಸ್ಕೂಟಿ ಎಷ್ಟು ನಿಧಾನ ಹೋಗುತ್ತಿತ್ತೆಂದರೆ ಒಂದು ಕೋಳಿ ನಮ್ಮನ್ನು ಹಿಂದೆ ಹಾಕಿ, ಮುಂದೆ ಹೋಗಿ, ನಿಂತು, ತಿರುಗಿ ನೋಡಿತು.

ಊರು ದಾಟಿ ಎರೆ ಹೊಲಗಳು ಶುರುವಾಗುವಲ್ಲಿ ಬೆವರಿಗೆ ಗಂಜಿ ನೆನೆಯಿತು. ಅಂಟಂಟಾಗಿ ಕಾಲಿನ ಕೂದಲನ್ನೆಲ್ಲ ಹಿಡಿದು ಎಳೆಯತೊಡಗಿತು. ಅಪ್ಪ ಹಲ್ಲು ಕಚ್ಚಿಕೊಂಡು ಇನ್ನಷ್ಟು ಓಡಿ, ಕೊನೆಗೆ ರಸ್ತೆ ಬದಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಎಮ್ಮೆ ಬಂತು. ಮೂಸಿತು. ಆಮೇಲೆ ಅಪ್ಪನ ಮೊಣಕಾಲನ್ನು ನೆಕ್ಕತೊಡಗಿತು, ತಟ್ಟೆ ನೆಕ್ಕುವ ಹಾಗೆ, ಕಣ್ಣು ಮುಚ್ಚಿಕೊಂಡು.

ಎಮ್ಮೆಯ ಹಿಂದೆ ಬಂದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ ಹಚ್ಚೀರಿ ಅಣ್ಣಾರ ಕಾಲಿಗೆ? ಮನ್ಯಾಗ ಹಿಂಡಿ ಇಟ್ರೂ ಮೂಸಂಗಿಲ್ಲ ನಮ್ಮೆಮ್ಮಿ!"

"ಗಂಜಿರಿ," ಎಂದ ಅಪ್ಪ ಗಂಭೀರವಾಗಿ.

"ನಾಳಿ ಬರೂ ಮುಂದ ಒಂದೀಟ ಉಪ್ಪ ಹಾಕ್ಕೊಂಡು ಬರ್ರಿ."

ನಾನು ಸ್ಕೂಟಿ ಮೇಲಿಂದ ಬೀಳುವುದೊಂದು ಬಾಕಿ. ಫೋನ್ ತೆಗೆದು ವಿಡಿಯೊ ಮಾಡತೊಡಗಿದೆ. ಅಪ್ಪನೂ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಮ್ಮೆಯ ನಾಲಿಗೆ, ಮೊಣಕಾಲು, ಕೆಳಗೆ ಶೂ, ಎಲ್ಲ ಪರದೆಯ ಮೇಲೆ ಚೆನ್ನಾಗಿ ಬಂತು. ಶೂ ಕೆಂಪಾಗಿತ್ತು.

"ಅಪ್ಪಾ, ಶೂಕ್ಕ ಏನದು?"

"ಕೆಂಪ ಮಣ್ಣಿರಬೇಕು."

ಕುರ್ತಕೋಟಿ ದಾರಿಯಲ್ಲಿ ಎಲ್ಲಿಯ ಕೆಂಪು ಮಣ್ಣು? ಕಣ್ಣು ಹರಿದಷ್ಟೂ ಕರಿ ಮಣ್ಣು. ನಾನು ಇಳಿದು ಬಂದು ಶೂ ಎಳೆದೆ. ಬರಲಿಲ್ಲ. ಜಾಲಿ ಮುಳ್ಳೊಂದು ತಳವನ್ನು ಚುಚ್ಚಿಕೊಂಡು ಒಳಗೆ ಹೋಗಿ, ಶೂವನ್ನು ಪಾದಕ್ಕೆ ಮೊಳೆ ಹೊಡೆದ ಹಾಗೆ ಕೂರಿಸಿತ್ತು. ಜೋರಾಗಿ ಎಳೆದಾಗ ಮುಳ್ಳಿನ ಸಮೇತ ಬಂತು. ಕಾಲುಚೀಲ ಹಿಂಡಿದರೆ ತೊಟ್ಟಿಕ್ಕುವಷ್ಟು ರಕ್ತ. ಅಪ್ಪ ಇನ್ನೂ ಎಮ್ಮೆಯನ್ನೇ ನೋಡಿ ನಗುತ್ತಿದ್ದ.

"ಅಪ್ಪಾ, ಯಾವಾಗ ನಟ್ಟಿತು ಇದು?"

ಅಪ್ಪ ಬಗ್ಗಿ ತನ್ನ ಪಾದವನ್ನು ನೋಡಿದ. ಬೇರೆ ಯಾರದೋ ಪಾದವನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದ. "ಗೊತ್ತಾಗಲಿಲ್ಲಲ್ಲವ್ವ," ಎಂದ. ಎಮ್ಮೆಯವಳು ಎಮ್ಮೆಯನ್ನು ಹೊಡೆದುಕೊಂಡು ಹೋದಳು.

ಗದಗಿನ ಆಸ್ಪತ್ರೆಯಲ್ಲಿ ಈ ಸಲ ಬೇರೆ ಡಾಕ್ಟರು, ಹೆಂಗಸು. ಗಾಯ ತೊಳೆದು ಕಟ್ಟಿ, ಅಪ್ಪನ ಕಣ್ಣು ಮುಚ್ಚಿಸಿ, ಒಂದು ಸಣ್ಣ ನೈಲಾನ್ ದಾರ ತೆಗೆದುಕೊಂಡರು. "ಅಂಗಾಲಿಗೆ ಇದನ್ನ ಮುಟ್ಟಿಸ್ತೀನ್ರಿ. ಗೊತ್ತಾದಾಗ ಹೂಂ ಅನ್ರಿ." ದಾರ ಬಾಗುವವರೆಗೆ ಒತ್ತಿದರು. ಹೆಬ್ಬೆರಳಿಗೆ, ಹಿಮ್ಮಡಿಗೆ, ಬದಿಗೆ. ನೂಲನ್ನು ಬೆರಳಲ್ಲಿ ಹೊಸೆದೇ ಅದರ ಗುಣ ಹೇಳುವ ಅಪ್ಪ ಸುಮ್ಮನೆ ಮಲಗಿದ್ದ. ಕೊನೆಗೆ ಅವನೇ ಕೇಳಿದ, "ಇನ್ನೂ ಶುರು ಮಾಡಿಲ್ಲೇನ್ರಿ, ಮೇಡಮ್ಮಾರ?"

ಡಾಕ್ಟರು ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಒಂದು ಜೋಕೂ ಹೊಳೆಯಲಿಲ್ಲ.

ಸಕ್ಕರೆಯಿಂದ ಪಾದದ ನರಗಳು ಸತ್ತಿವೆ, ಇನ್ನೊಂದು ಇಂಥ ಗಾಯವಾಗಿ ನಂಜೇರಿದರೆ ಮೊದಲು ಬೆರಳು, ಆಮೇಲೆ ಪಾದ, ಎಂದರು. ಅಪ್ಪ ಎದ್ದು ಕೂತು ಕೈ ಮುಗಿದ.

"ಡೋಣಿದಾಗ ಒಂದ ಓಟ ಐತ್ರಿ. ಅದೊಂದು ಓಡಿಬಿಡ್ಲಿ?"

"ಕಾಲ ಉಳಿಸ್ಕೊಳ್ಳೂದು ನೋಡ್ರಿ ಯಜಮಾನ್ರ. ಹೋದ ಸ್ಪರ್ಶ ತಿರುಗಿ ಬರೂದು ಭಾಳ ಕಷ್ಟ."

"ಬಂತಂದ್ರ?"

"ಬಂದ್ರ ಆಗ ನೋಡೂಣು."

ಇಷ್ಟೆಲ್ಲ ಮಾತಿನಲ್ಲಿ ಅಪ್ಪ ಮನೆಗೆ ತಂದದ್ದು ಆ 'ನೋಡೂಣು' ಒಂದನ್ನೇ. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನಗೆ ಎರಡು ಬಿಟ್ಟಳು, ಅಪ್ಪನಿಗೆ ಬೈದಳು, "ನಿಮ್ಮ ಡಬ್ಬಿಗೆ ಬೆಂಕಿ ಹತ್ತಲಿ, ಕಾಲಿಲ್ದಂಗಾದ್ರ ಮಗ್ಗ ಯಾರ ತುಳೀತಾರು?" ಎಂದು. ಆಮೇಲೆ ಅಪ್ಪನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಕಣ್ಣೀರು ಆ ಪಾದದ ಮೇಲೇ ಬೀಳುತ್ತಿತ್ತು. ಅಪ್ಪ ಬಾಗಿಲ ಕಡೆ ನೋಡುತ್ತ ಕೂತಿದ್ದ.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಡಾಕ್ಟರು ಹೇಳಿದ ಹಾಗೆ ಅಪ್ಪ ಗುಳಿಗೆ ತಿಂದ, ಹಾಗಲಕಾಯಿ ತಿಂದ, ಚಹಾವನ್ನು ಮುಖ ಕಿವುಚಿಕೊಂಡು ಕುಡಿದ. ಲಕ್ಷ್ಮೇಶ್ವರದವರು ಮತ್ತೆ ಫೋನ್ ಮಾಡಿದರು. ಈ ಸಲ ಅವರ ದನಿ ಫೋನಿನಲ್ಲೇ ಸರಿಯಾಗಿ ಕೇಳಿಸಲಿಲ್ಲ. "ನೀ ಬರಲಿಲ್ಲಂದ್ರ ನಾ ಯಾರನ್ನ ಬೆನ್ನ ಹತ್ಲೋ?" ಎಂದರಂತೆ. "ಬರ್ತೀನಿ," ಎಂದ ಅಪ್ಪ.

ಓಟಕ್ಕೆ ಒಂದು ವಾರ ಇತ್ತು. ಮರುದಿನ ಡಾಕ್ಟರ ಹತ್ತಿರ ಹೋಗಬೇಕು. ಸಂಜೆ ಬಿಸಿಲು ಇನ್ನೂ ಅಂಗಳದಲ್ಲಿದ್ದಾಗ ಅಪ್ಪ ಮಗ್ಗಕ್ಕೆ ಕಟ್ಟುವ ನೈಲಾನ್ ದಾರದ ತುಂಡೊಂದನ್ನು ನನ್ನ ಕೈಗೆ ಕೊಟ್ಟು ಚಾಪೆಯ ಮೇಲೆ ಮಲಗಿದ.

"ನಾಳಿ ಪರೀಕ್ಷಾ ಐತಿ. ತಯಾರಿ ಮಾಡ್ಸವ್ವ."

"ನಿನಗ ಪರೀಕ್ಷಾ, ನಾ ಮಾಸ್ತರು. ಕಾಪಿ ಹೊಡದ್ರ ಹೊರಗ ಹಾಕ್ತೀನಿ."

ಕಣ್ಣು ಮುಚ್ಚಿದ. ಹೆಬ್ಬೆರಳಿಗೆ ಮುಟ್ಟಿಸಿದೆ. "ಹೂಂ." ಹಿಮ್ಮಡಿಗೆ. "ಹೂಂ." ಬದಿಗೆ. "ಹೂಂ, ಗೊತ್ತಾತು." ಅವ್ವನನ್ನು ಕೂಗಬೇಕೆಂದು ಬಾಯಿ ತೆರೆದವಳು ತಡೆದೆ. ಮೋಸ ಮಾಡುವವರಿಗೆ ಮೋಸದ ವಾಸನೆ ಬೇಗ ಹತ್ತುತ್ತದೆ. ಅಪ್ಪನ ಹೂಂ ಗಡಿಯಾರದ ಹಾಗೆ ಸಮಸಮಾ ಬರುತ್ತಿತ್ತು.

ನಾನು ದಾರವನ್ನು ಮೇಲೆತ್ತಿ ಗಾಳಿಯಲ್ಲಿ ಹಿಡಿದುಕೊಂಡು ಕೂತೆ.

"ಹೂಂ," ಎಂದ ಅಪ್ಪ.

ಇನ್ನೂ ಕೂತೆ.

"ಹೂಂ. ಇದು ಚಲೋ ಗೊತ್ತಾತ ನೋಡು." ಅವನ ಮುಖದ ತುಂಬ ನಗು.

"ಅಪ್ಪಾ, ನಾ ಮುಟ್ಟೇ ಇಲ್ಲ."

ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತವರ ಹಾಗೆ. ಕಣ್ಣು ತೆರೆಯಲಿಲ್ಲ.

"ಆತು ಬಿಡು. ಈಗ ಖರೇನ ಮುಟ್ಟು."

ನಾನು ಹೆಬ್ಬೆರಳ ಕೆಳಗೆ ದಾರ ಒತ್ತಿದೆ. ಅದು ಬಾಗಿತು. ಇನ್ನೂ ಒತ್ತಿದೆ. ದಾರ ಬಿಸಾಕಿ ನನ್ನ ಹೆಬ್ಬೆಟ್ಟಿನ ಉಗುರನ್ನೇ ಊರಿದೆ, ಚರ್ಮದ ಮೇಲೆ ಗುರುತು ಮೂಡುವ ಹಾಗೆ. ಅಪ್ಪ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

"ಮುಟ್ಟವ್ವ," ಎಂದ. "ಯಾಕ ಸುಮ್ನ ಕುಂತಿ? ಮುಟ್ಟು."