ತಿರುವಿಗೆ ನಾಲ್ಕು ನಿಮಿಷ

ಡಿಪೋದಲ್ಲಿ ಅವರನ್ನು ಎಲ್ಲರೂ ಸದ್ದಿಲ್ಲದಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಮೌನಿಯೇನಲ್ಲ. ಮಾತಿಗೆ ಕೂತರೆ ಎದುರಿಗಿದ್ದವನ ಟೀ ಆರಿ ನೀರಾಗುವವರೆಗೂ ಬಿಡುವ ಪೈಕಿಯಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ ಒಂದು ದಿನವೂ ಹಾರ್ನ್ ಒತ್ತಿರಲಿಲ್ಲ, ಅದಕ್ಕೇ ಆ ಹೆಸರು. "ಮುಂದೆ ಹೋಗೋನು ದಾರಿ ಬಿಡೋವಾಗ ಬಿಡ್ತಾನೆ. ಅಲ್ಲೀವರೆಗೂ ನಾನೇ ನಿಧಾನ ಹೋದ್ರಾಯ್ತು. ಅವನ ಎದೆ ಯಾಕೆ ನಡುಗಿಸ್ಬೇಕು?" ಎನ್ನುವುದು ಅವರ ನ್ಯಾಯ. ಹೀಗೆ ನಿಧಾನವಾಗಿ ಹೋಗಿಯೂ ಅವರ ಬಸ್ಸು ಎಂದೂ ತಡವಾಗುತ್ತಿರಲಿಲ್ಲ. ಇದು ಹೇಗೆ ಸಾಧ್ಯ ಎಂದು ತಲೆ ಕೆಡಿಸಿಕೊಂಡವರಿದ್ದರು. ಯಾವ ತಿರುವು ಎಷ್ಟು ಹೊತ್ತು ನುಂಗುತ್ತದೆ ಎನ್ನುವುದು ಅಣ್ಣನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು, ಗುಟ್ಟು ಅಷ್ಟೇ.

ಐವತ್ತೊಂದನೇ ವಯಸ್ಸಿಗೆ ಎಡಗಣ್ಣಿನ ಅಂಚು ಮಬ್ಬಾಯಿತು. ಕಣ್ಣಿನ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, "ಓದ್ಬಹುದು, ಬರೀಬಹುದು. ಸ್ಟೇರಿಂಗ್ ಮಾತ್ರ ಮುಟ್ಟಂಗಿಲ್ಲ" ಎಂದು ಬರೆದುಕೊಟ್ಟರು. ಆ ಚೀಟಿ ನೋಡಿ ಡಿಪೋ ಮ್ಯಾನೇಜರಿಗೇ ಬೇಜಾರಾಯಿತು. ವಯಸ್ಸಿನಲ್ಲಿ ಅಣ್ಣನಿಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ.

"ಅಣ್ಣಾ, ಒಂದು ದಾರಿ ಇದೆ. ಬಸ್ಸಿನ ರೂಟು, ಟೈಮು ಹಾಕೋ ಆಫೀಸಲ್ಲಿ ಒಂದು ಕುರ್ಚಿ ಖಾಲಿ ಇದೆ. ಆದ್ರೆ ಅಲ್ಲಿ ಕೂರೋರು ಸಂಜೆ ಕಾಲೇಜಲ್ಲಿ ಫೈನೈಟ್ ಮ್ಯಾಥ್ಸ್ ಅಂತ ಒಂದು ಕೋರ್ಸು ಪಾಸಾಗಿರ್ಬೇಕು. ನಾಲ್ಕು ತಿಂಗಳು. ಅಲ್ಲೀವರೆಗೂ ಕುರ್ಚಿ ಇಟ್ಕೊಂಡಿರ್ತೀನಿ."

"ಫೇಲಾದ್ರೆ?"

ಮ್ಯಾನೇಜರ್ ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. "ಆಮೇಲೆ ನನ್ನ ಕೈಲಿಲ್ಲ ಅಣ್ಣಾ. ಮನೆಗೇ."

ಮನೆಗೆ ಹೋಗುವುದೆಂದರೆ ಅಣ್ಣನಿಗೆ ಭಯವಿತ್ತು. ಮನೆ ಕೆಟ್ಟದ್ದೆಂದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಷೂ ಕಟ್ಟಿ, ಬಸ್ಸಿನ ಸುತ್ತ ಒಂದು ಸುತ್ತು ಬಂದು, ಟೈರುಗಳನ್ನೆಲ್ಲ ಒದ್ದು ನೋಡದಿದ್ದರೆ ತಾನು ಯಾರು ಎನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ. ಸ್ಟೇರಿಂಗ್ ಹೋದರೂ ಬಸ್ಸಿನ ಸಹವಾಸ ಹೋಗಬಾರದು. ಅಷ್ಟಕ್ಕಾಗಿ ಅವರು ಗಣಿತವನ್ನೂ ಕಲಿಯಲು ತಯಾರಾದರು. ಶಾಲೆಯಲ್ಲಿ ಕಬ್ಬಿಣದ ಕಡಲೆ ಎಂದು ಉಗುಳಿ ಬಂದದ್ದನ್ನು ಈಗ ಇದ್ದಷ್ಟು ಹಲ್ಲಿನಲ್ಲಿ ಅಗಿಯುವ ಸರದಿ ಬಂದಿತ್ತು.

ಅವರ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ: ಒಂದು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಬಟ್ಟೆ ಕತ್ತರಿಸಲು ಅಳತೆಗಿಡುವ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಕಾಗದದ ಕಟಿಂಗ್‌ಗಳು. ಕೋರ್ಸಿನ ವಿಷಯ ಕೇಳಿ ಅವರು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಏನು ಗಣಿತ ಅದು?" ಎಂದರು.

"ಎಣಿಸಿ ಮುಗಿಸಬಹುದಾದ ಗಣಿತವಂತೆ ಕಣೇ."

"ಮುಗಿಯುತ್ತೆ ಅಂದ್ಮೇಲೆ ಇನ್ನೇನ್ರೀ ಭಯ? ಸೇರ್ಕೊಳ್ಳಿ."

ಕಾಲೇಜಿನ ಮೂರನೇ ಮಹಡಿಯ ಕೋಣೆ. ಕುರ್ಚಿಗೇ ಅಂಟಿಕೊಂಡ ಪುಟ್ಟ ಬರೆಯುವ ಹಲಗೆಗೂ ಅಣ್ಣನ ಹೊಟ್ಟೆಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಸುತ್ತ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಅಣ್ಣ ಮುಂದಿನ ಸಾಲಿನ ಬಲತುದಿಯಲ್ಲಿ ಕೂತು, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿದ ಮೇಲೆಯೇ ಪುಸ್ತಕ ತೆರೆಯುತ್ತಿದ್ದರು. ಪಾಠ ಮಾಡುವ ಮೇಡಂ ಅವರ ಮಗಳ ವಯಸ್ಸಿನವರು. ಎರಡನೇ ವಾರಕ್ಕೆ ಅವರಿಗೂ ಅದೇ ರೂಢಿಯಾಗಿ, ಅಣ್ಣ ಬಾಗಿಲು ನೋಡುವ ತನಕ ಪಾಠ ಶುರು ಮಾಡುತ್ತಿರಲಿಲ್ಲ.

ಮೊದಲ ವಾರಗಳು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಿದ್ದವು. ಐದು ವಸ್ತುಗಳಲ್ಲಿ ಎರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಲೆಕ್ಕ ಬಂದಾಗ ಅಣ್ಣ ಹೆಂಡತಿಯ ಗುಂಡಿ ಡಬ್ಬಿಯನ್ನೇ ಮೇಜಿನ ಮೇಲೆ ಸುರಿದರು. ಐದು ಬಣ್ಣದ ಗುಂಡಿ ಆರಿಸಿ, ಜೋಡಿ ಜೋಡಿ ಇಟ್ಟು, ಕಡೆಗೆ ಹತ್ತು ಎಂದು ಗೆದ್ದವರಂತೆ ಕೂಗಿದರು.

"ಹತ್ತರಲ್ಲಿ ಒಂಬತ್ತನ್ನ ಗಿರಾಕಿ ಬೇಡ ಅಂತಾಳೆ. ಗುಂಡಿ ಎಲ್ಲಾ ವಾಪಸ್ ಡಬ್ಬಿಗೆ ಹಾಕಿ" ಎಂದರು ಹೆಂಡತಿ.

ಮೊದಲ ಕಿರುಪರೀಕ್ಷೆ ಇಪ್ಪತ್ತು ಅಂಕಕ್ಕೆ. ಅದರಲ್ಲಿ ಒಂದು ಚಿತ್ರವಿತ್ತು. ಕೆಲವು ಬಿಂದುಗಳು, ಅವುಗಳ ನಡುವೆ ಗೆರೆಗಳು, ಗೆರೆಯ ಮೇಲೆ ನಿಮಿಷಗಳು. ಕ ಎಂಬ ಡಿಪೋದಿಂದ ಪ ಎಂಬ ಆಸ್ಪತ್ರೆಗೆ ಬಸ್ಸು ಬೇಗ ತಲುಪುವ ದಾರಿ ಯಾವುದು? ಅದನ್ನು ನೋಡಿ ಅಣ್ಣನಿಗೆ ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಇಪ್ಪತ್ತಾರು ವರ್ಷ ಮಾಡಿದ್ದು ಇನ್ನೇನನ್ನು? ತ ಎಂಬ ಬಿಂದುವಿನ ಮೂಲಕ ಹೋದರೆ ಹದಿನಾಲ್ಕು ಮತ್ತು ಹದಿನೈದು, ಒಟ್ಟು ಇಪ್ಪತ್ತೊಂಬತ್ತು ನಿಮಿಷ ಎಂದು ಬರೆದು, ಅಡಿಗೆರೆಯನ್ನೂ ಎಳೆದರು.

ಆ ಪ್ರಶ್ನೆಗೆ ಎಂಟಕ್ಕೆ ಸೊನ್ನೆ ಬಂತು. ಒಟ್ಟು ಇಪ್ಪತ್ತಕ್ಕೆ ನಾಲ್ಕು.

ತರಗತಿ ಮುಗಿದ ಮೇಲೆ ಅಣ್ಣ ಉತ್ತರಪತ್ರಿಕೆ ಹಿಡಿದು ಮೇಡಂ ಎದುರು ನಿಂತರು. "ಮೇಡಂ, ಮಿಕ್ಕಿದ್ದೆಲ್ಲ ತಪ್ಪು, ಒಪ್ಕೋತೀನಿ. ಇದು ತಪ್ಪಲ್ಲ."

"ಸರ್, ನೋಡಿ. ಚ, ಟ ಎರಡರ ಮೇಲೆ ಹೋದ್ರೆ ಒಂಬತ್ತು, ಎಂಟು, ಹತ್ತು. ಇಪ್ಪತ್ತೇಳೇ ಆಗುತ್ತೆ. ನಿಮ್ಮದಕ್ಕಿಂತ ಎರಡು ನಿಮಿಷ ಕಮ್ಮಿ."

"ಅದನ್ನ ಮೊದಲೇ ನೋಡ್ದೆ ಮೇಡಂ. ಆದ್ರೆ ಈ ಟ ಹತ್ರ ತಿರುವು ನೋಡಿ, ಎಷ್ಟು ಚೂಪಾಗಿದೆ! ಹನ್ನೆರಡು ಮೀಟರ್ ಬಸ್ಸು ಇಲ್ಲಿ ಒಂದೇ ಏಟಿಗೆ ತಿರುಗಲ್ಲ. ಒಂದ್ಸಲ ಹಿಂದೆ ತಗೋಬೇಕು. ನಾಲ್ಕು ನಿಮಿಷ ಅಲ್ಲೇ ಹೋಯ್ತು."

ಮೇಡಂ ಚಿತ್ರ ನೋಡಿದರು, ಅಣ್ಣನನ್ನು ನೋಡಿದರು, ನಗು ತಡೆಯಲಾಗದೆ ಕುರ್ಚಿಯಲ್ಲಿ ಕೂತರು. ಆಮೇಲೆ ಬೋರ್ಡಿನ ಮೇಲೆ ಅದೇ ಚಿತ್ರವನ್ನು ಇನ್ನೊಂದು ಥರ ಬರೆದರು. ಈ ಸಲ ಟ ಹತ್ತಿರದ ಗೆರೆ ನೆಟ್ಟಗಿತ್ತು. "ಗೆರೆ ನೆಟ್ಟಗಿರ್ಲಿ, ಡೊಂಕಿರ್ಲಿ, ಎರಡೂ ಒಂದೇ ಸರ್. ಮೇಲೆ ಬರೆದಿರೋ ಸಂಖ್ಯೆ ಮಾತ್ರ ಲೆಕ್ಕಕ್ಕೆ. ಇಲ್ಲಿ ತಿರುವೇ ಇಲ್ಲ."

"ತಿರುವಿಲ್ಲದ ಮೇಲೆ ಅದು ದಾರಿ ಹೇಗಾಗುತ್ತೆ ಮೇಡಂ?" ಎಂದು ಕೇಳಿ ಅಣ್ಣ ಮೆಟ್ಟಿಲಿಳಿದು ಬಂದರು. ಪಾಪ, ಅವರ ಮುಖ ಸಪ್ಪಗಾಗಿತ್ತು.

ಭಾನುವಾರ ಬೆಳಿಗ್ಗೆ ಪುಸ್ತಕವನ್ನು ಕಪಾಟಿನೊಳಗೆ ತುರುಕಿ, "ಸಾಕು ಕಣೇ. ಸುಳ್ಳು ರಸ್ತೆ ಮೇಲೆ ನಾನು ಬಸ್ ಬಿಡಲ್ಲ" ಎಂದರು.

ಹೆಂಡತಿ ಒಂದು ಕಟಿಂಗ್ ಹಾಸಿಕೊಂಡು ಗೆರೆ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ. "ಈ ಕಾಗದಕ್ಕೆ ಹೊಟ್ಟೆ ಇದೆಯೇನ್ರೀ?"

"ಕಾಗದಕ್ಕೆಲ್ಲಿಂದ ಬರುತ್ತೆ ಹೊಟ್ಟೆ?"

"ಇಲ್ಲ ಅಲ್ವಾ? ನಿಮಗಿದೆ. ಹಾಗಂತ ಕಾಗದ ಸುಳ್ಳು ಅಂತ ಒಲೆಗೆ ಹಾಕ್ತೀನಾ? ಇಲ್ಲಿ ಕತ್ತರಿಸಿ, ಎರಡು ಬೆರಳಗಲ ಬಿಡಿಸಿ, ನಡುವೆ ಒಂದು ಪಟ್ಟಿ ಅಂಟಿಸ್ತೀನಿ. ಆಗ ಕಾಗದಕ್ಕೂ ಹೊಟ್ಟೆ ಬರುತ್ತೆ. ನಿಮಗೆ ಗೊತ್ತಿರೋದನ್ನ ಅದಕ್ಕೆ ಹೇಳಿಕೊಡ್ಬೇಕು. ಮುನಿಸ್ಕೊಂಡ್ರೆ ಅಂಗಿ ಆಗುತ್ತಾ?"

ಅಣ್ಣ ಹತ್ತು ನಿಮಿಷ ಬಿಟ್ಟು, ಯಾರೂ ನೋಡುತ್ತಿಲ್ಲ ಎನ್ನುವ ಹಾಗೆ ಕಪಾಟಿನಿಂದ ಪುಸ್ತಕ ತೆಗೆದುಕೊಂಡರು. ಹೆಂಡತಿ ನೋಡುತ್ತಿದ್ದರು, ಬಿಡಿ.

ಅಲ್ಲಿಂದಾಚೆಗೆ ಆ ಮನುಷ್ಯ ಓದಿದ ರೀತಿಗೆ ಕೈ ಮುಗಿಯಬೇಕು. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರಂತೆ ಕೂತು ಲೆಕ್ಕ ಮಾಡಿದರು. ಜತೆಯ ಹುಡುಗಿಯರನ್ನು ಕೇಳಲು ನಾಚಲಿಲ್ಲ. ಒಂದೇ ಲೆಕ್ಕವನ್ನು ಐದು ಸಲ ತಪ್ಪು ಮಾಡಿ ಆರನೇ ಸಲ ಸರಿ ಮಾಡಿದರು. ಗೆರೆಗಳ ಲೆಕ್ಕ ಬಂದರೆ ತಿರುವಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡು, ಬರೀ ಸಂಖ್ಯೆ ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಎರಡನೇ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹನ್ನೆರಡು ಬಂತು. ನಾಲ್ಕೂ ಹನ್ನೆರಡೂ ಸೇರಿ ಹದಿನಾರು. ಪಾಸಾಗಲು ನೂರಕ್ಕೆ ನಲವತ್ತು ಬೇಕು. ಕೊನೆಯ ಪರೀಕ್ಷೆಯ ಅರವತ್ತರಲ್ಲಿ ಇಪ್ಪತ್ತನಾಲ್ಕು ತೆಗೆದರೆ ಕುರ್ಚಿ, ಇಲ್ಲದಿದ್ದರೆ ಮನೆ.

ಕೊನೆಯ ಪರೀಕ್ಷೆಯ ನಾಲ್ಕನೇ ಪ್ರಶ್ನೆ ನೋಡಿದರೆ ಅದೇ ಚಿತ್ರ! ಮೊದಲ ಸಲ ಬಹಳ ಜನ ತಪ್ಪು ಮಾಡಿದ್ದರಿಂದ ಮೇಡಂ ಅದನ್ನೇ ಮತ್ತೆ ಕೊಟ್ಟಿದ್ದರು. ಅಣ್ಣ ವಿಧೇಯ ವಿದ್ಯಾರ್ಥಿಯಂತೆ ಬರೆದರು: ಕ, ಚ, ಟ, ಪ, ಇಪ್ಪತ್ತೇಳು ನಿಮಿಷ. ಇನ್ನು ಅರ್ಧ ಗಂಟೆ ಉಳಿದಿತ್ತು, ಐದನೇ ಪ್ರಶ್ನೆ ಬಾಕಿಯಿತ್ತು.

ಬೇರೆ ಯಾರಾದರೂ ಆಗಿದ್ದರೆ ಪುಟ ತಿರುಗಿಸುತ್ತಿದ್ದರು. ನಾನಾದರೂ ಅಷ್ಟೇ. ಆದರೆ ಅಣ್ಣನ ಕಣ್ಣು ಟ ಬಿಟ್ಟು ಕದಲಲಿಲ್ಲ. ಅಲ್ಲಿ ಜನ ತುಂಬಿದ ಬಸ್ಸು ಹಿಂದೆ ಸರಿಯುತ್ತಿದೆ, ನಿಂತವರು ಕಂಬಿ ಹಿಡಿದು ತೂರಾಡುತ್ತಿದ್ದಾರೆ. ಕಾಗದಕ್ಕೆ ಅದು ಗೊತ್ತಿಲ್ಲ. ಹೆಂಡತಿಯ ಕತ್ತರಿ ನೆನಪಾಯಿತು. ಇಲ್ಲಿ ಕತ್ತರಿಸಿ, ಬಿಡಿಸಿ, ನಡುವೆ ಒಂದು ಪಟ್ಟಿ.

ಅವರು ಉತ್ತರದ ಕೆಳಗೆ ಚಿತ್ರವನ್ನು ಮತ್ತೊಮ್ಮೆ ಬರೆದರು. ಈ ಸಲ ಟ ಎಂಬ ಒಂದು ಬಿಂದುವಿನ ಜಾಗದಲ್ಲಿ ಎರಡು ಬಿಂದು: ಬಸ್ಸು ಬಂದು ನಿಲ್ಲುವುದೊಂದು, ತಿರುಗಿ ಹೊರಡುವುದೊಂದು. ಎರಡರ ನಡುವೆ ಒಂದು ಸಣ್ಣ ಗೆರೆ, ಅದರ ಮೇಲೆ ನಾಲ್ಕು. ಆಮೇಲೆ ಮೇಡಂ ಕಲಿಸಿದ ಕ್ರಮದಲ್ಲೇ, ಒಂದು ಹೆಜ್ಜೆಯನ್ನೂ ಬಿಡದೆ, ಲೆಕ್ಕ ಮಾಡಿದರು. ಟ ಮೇಲಿನ ದಾರಿ ಮೂವತ್ತೊಂದಾಯಿತು. ಎಲ್ಲಕ್ಕಿಂತ ಬೇಗ ತಲುಪುವ ದಾರಿ ತ ಮೇಲಿನದು, ಇಪ್ಪತ್ತೊಂಬತ್ತು ನಿಮಿಷ. ಇಪ್ಪತ್ತಾರು ವರ್ಷದಿಂದ ತನಗೆ ಗೊತ್ತಿದ್ದದ್ದನ್ನು ಮೊದಲ ಸಲ ಕಾಗದವೂ ಒಪ್ಪಿತು. "ಇದು ಬಸ್ಸಾದರೆ" ಎಂದು ಪಕ್ಕದಲ್ಲಿ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಐದನೇ ಪ್ರಶ್ನೆ ಹಾಗೇ ಉಳಿಯಿತು.

ಫಲಿತಾಂಶಕ್ಕೆ ಹನ್ನೊಂದು ದಿನ. ಆ ಹನ್ನೊಂದು ದಿನವೂ ಹೆಂಡತಿಯ ಬೈಗುಳ ನಿಲ್ಲಲಿಲ್ಲ. "ಪಟ್ಟಿ ಅಂಟಿಸೋಕೆ ಪರೀಕ್ಷೆ ಹೊತ್ತೇ ಬೇಕಿತ್ತಾ ನಿಮಗೆ?" ಅಣ್ಣನೂ ಒಳಗೊಳಗೇ ಹೆದರಿದ್ದರು. ಆದರೂ ಆ ಚಿತ್ರ ಬರೆಯಬಾರದಿತ್ತು ಎಂದು ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

ಹನ್ನೆರಡನೇ ದಿನ ಮೇಡಂ ಅವರನ್ನು ತಮ್ಮ ಕೋಣೆಗೆ ಕರೆದು ಉತ್ತರಪತ್ರಿಕೆ ಮುಂದಿಟ್ಟರು. ಅರವತ್ತಕ್ಕೆ ಇಪ್ಪತ್ತೈದು. ಒಟ್ಟು ನಲವತ್ತೊಂದು.

"ಒಂದೇ ಒಂದು ಅಂಕ ಜಾಸ್ತಿ ಸರ್. ಈ ಎರಡನೇ ಚಿತ್ರಕ್ಕೆ ನಾನೇನೂ ಕೊಟ್ಟಿಲ್ಲ. ಕೇಳದೇ ಇರೋ ಪ್ರಶ್ನೆಗೆ ಅಂಕ ಕೊಡೋ ಹಾಗಿಲ್ಲ."

"ಪಾಸಾದ್ನಲ್ಲ, ಸಾಕು ಮೇಡಂ."

"ನನಗೆ ಸಾಲದು." ಮೇಡಂ ಎದ್ದು ನಿಂತರು. "ಬಿಂದುನ ಎರಡು ಮಾಡೋದು ದೊಡ್ಡ ಕ್ಲಾಸಲ್ಲಿ ಬರೋ ಪಾಠ. ನಿಮಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ. ಅವತ್ತು ನಾನು ನಕ್ಕಿದ್ದು ತಪ್ಪಾಯ್ತು ಸರ್. ಮುಂದಿನ ಬ್ಯಾಚಿಗೆ ಈ ಚಿತ್ರ ಪಾಠ ಮಾಡ್ಲಾ? ಬಸ್ ಡ್ರೈವರೊಬ್ರು ಕಂಡುಹಿಡಿದಿದ್ದು ಅಂತ ಹೇಳೇ ಮಾಡ್ತೀನಿ."

ಮಾತಿನ ಮಲ್ಲ ಅಣ್ಣ ಅವತ್ತು ಆಗಲಿ ಎಂದಷ್ಟೇ ತಲೆಯಾಡಿಸಿ ಹೊರಬಿದ್ದರು.

ಅಲ್ಲಿಂದ ನೇರ ಡಿಪೋಗೆ. ಮ್ಯಾನೇಜರ್ ಕೋಣೆಗೂ ಹೋಗಲಿಲ್ಲ, ಮನೆಗೂ ಫೋನ್ ಮಾಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ತಮ್ಮ ಹಳೆಯ ಬಸ್ಸಿನ ಸುತ್ತ ಒಂದು ಸುತ್ತು ಬಂದು, ಟೈರುಗಳನ್ನೆಲ್ಲ ಒದ್ದು ನೋಡಿ, ಮೇಲೆ ಹತ್ತಿ ತಮ್ಮ ಸೀಟಿನಲ್ಲಿ ಕೂತರು. ಆಮೇಲೆ ಸ್ಟೇರಿಂಗಿನ ನಡುವೆ ಅಂಗೈಯಿಟ್ಟು ಒಂದೇ ಸಮ ಒತ್ತಿ ಹಿಡಿದರು.

ಮೆಕ್ಯಾನಿಕ್‌ಗಳು ಪಾನಾ ಕೆಳಗಿಟ್ಟು ಓಡಿಬಂದರು. ಮ್ಯಾನೇಜರ್ ಒಂದೇ ಚಪ್ಪಲಿಯಲ್ಲಿ ಬಂದರು. ಆ ಬಸ್ಸಿಗೂ ಒಂದು ಹಾರ್ನ್ ಇದೆ ಎಂದು ಡಿಪೋದವರಿಗೆ ಗೊತ್ತಾದದ್ದು ಅವತ್ತೇ.